ಕಡವೆ ಇಳಿಸಿದ ಕಹಿ

ಲೋಕ ಆಗತಾನೇ ಮಾಡಿಟ್ಟ ಮಡಕೆಯಂತೆ ಇನ್ನೂ ಹಸಿಯಾಗಿತ್ತು. ಬೆಟ್ಟಕ್ಕೆ ಬೆರಳು ಒತ್ತಿದರೆ ಗುರುತು ಉಳಿಯುತ್ತಿತ್ತು. ಯಾವ ಕಡೆ ಹರಿಯಬೇಕೆಂದು ಹೊಳೆಗೆ ಗೊತ್ತಿರಲಿಲ್ಲ. ಬೆಳಗ್ಗೆ ಹಾಗೆ ಹೋಗಿ ಸಂಜೆ ಹೀಗೆ ಬರುತ್ತಿತ್ತು. ಗಿಡಗಳಿಗೆ ಮಳೆಗಾಲದವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಬೀಜ ಬಿದ್ದರೆ ಸಾಕು, ನೋಡನೋಡುತ್ತಿದ್ದಂತೆ ಎಲೆ ಬಿಡುತ್ತಿದ್ದವು.

ಆ ಕಾಲದಲ್ಲಿ ಕಾಡಿನ ಯಾವ ಎಲೆಯೂ ಕಹಿಯಾಗಿರಲಿಲ್ಲ, ಮಕ್ಕಳೇ. ಬೇವಿನೆಲೆಯೂ ಸಿಹಿ, ಹಾಗಲಕಾಯಿಯೂ ಸಿಹಿ. ಹಾಗಾದರೆ ಕಹಿ ಎಲ್ಲಿತ್ತು? ಅದನ್ನೇ ಹೇಳುತ್ತೇನೆ.

ರುಚಿಗಳನ್ನು ಹಂಚಿದ ದಿನ ಸಿಹಿಗೆ ಎಲ್ಲರೂ ಮುಗಿಬಿದ್ದರು. ಹುಳಿಯನ್ನು ಹುಣಸೆಮರ ತೆಗೆದುಕೊಂಡಿತು, ಖಾರವನ್ನು ಮೆಣಸಿನ ಬಳ್ಳಿ ಸುತ್ತಿಕೊಂಡಿತು, ಉಪ್ಪನ್ನು ಕಡಲು ಒಂದೇ ಗುಟುಕಿಗೆ ನುಂಗಿತು. ಕಹಿ ಮಾತ್ರ ತಳದಲ್ಲಿ ಉಳಿಯಿತು. ಪ್ರಾಣಿಗಳು, ಹೋಗಲಿ ಪಾಪ ಎಂದು, ತಲೆಗೊಂದು ಹನಿ ತೆಗೆದುಕೊಂಡವು. ಅಷ್ಟಕ್ಕೇ ಹುಲಿ ಮೂತಿ ತಿರುಗಿಸಿತು, ಆನೆ ಸೊಂಡಿಲು ಮಡಚಿ ಬೆನ್ನು ಹಾಕಿತು. ಮಿಕ್ಕ ಕಹಿಯೆಲ್ಲ ಯಾರಿಗೂ ಬೇಡವಾಗಿ ಬಿದ್ದಿತ್ತು. ಒಲ್ಲೆ ಅನ್ನುವುದು ಗೊತ್ತಿಲ್ಲದ ಕಡವೆ ಮುಂದೆ ಬಂದು, ಕೊಡಿ, ನಾನೇ ಹೊರುತ್ತೇನೆ ಎಂದಿತು. ಅದರ ಪಕ್ಕೆಲುಬಿನ ಕೆಳಗಿನ ಈಲಿಯ, ಅಂದರೆ ಯಕೃತ್ತಿನ ಹಿಂದೆ ಒಂದು ಹಸಿರು ಚೀಲ ಮಾಡಿ ಕಹಿಯನ್ನೆಲ್ಲ ತುಂಬಿದರು. ಅದೇ ಪಿತ್ತದ ಚೀಲ.

ಅಂದಿನಿಂದ ಹುಟ್ಟಿದ ಕಡವೆಗಳೆಲ್ಲ ಆ ಚೀಲ ಹೊತ್ತೇ ಹುಟ್ಟುತ್ತಿದ್ದವು. ಕಡವೆ ಮೆಲ್ಲಗೆ ನಡೆಯುತ್ತಿತ್ತು. ತುಂಬಿದ ಕೊಡ ಹೊತ್ತವರು ನಡೆಯುತ್ತಾರಲ್ಲ, ಹಾಗೆ.

ಈಗ ಕೇತಜ್ಜಿಯ ವಿಷಯಕ್ಕೆ ಬರೋಣ. ಬೆಟ್ಟದ ಬುಡದಲ್ಲಿ ಒಂದು ಹಾಡಿ, ಹಾಡಿಯಲ್ಲಿ ಹನ್ನೊಂದು ಗುಡಿಸಲು. ಬೇಟೆಯಾಡುವವರು ಬೇಕಾದಷ್ಟು ಮಂದಿ ಇದ್ದರು, ಆದರೆ ಮಿಕವನ್ನು ಕೊಯ್ದು ಪಾಲು ಹಾಕುವ ಕೈ ಒಂದೇ ಇತ್ತು, ಕೇತಜ್ಜಿಯದು. ಅವಳ ಕಲ್ಲಿನ ಚೂರಿ ಹೆಬ್ಬೆಟ್ಟಿನಷ್ಟೇ ಉದ್ದ. ಅದರಲ್ಲೇ ಅವಳು ಇಡೀ ಕಡವೆಯನ್ನು ಬಿಡಿಸುತ್ತಿದ್ದಳು.

ಅವಳ ಕೆಲಸದಲ್ಲಿ ಅವಸರ ಎಂಬುದಿರಲಿಲ್ಲ. ಮೊದಲು ಹೊಳೆಯ ಪಕ್ಕದ ಚಪ್ಪಟೆ ಬಂಡೆಯ ಮೇಲೆ ಮುತ್ತುಗದ ಎಲೆ ಹಾಸಿ ಮಿಕವನ್ನು ಮಲಗಿಸಬೇಕು. ಬಾಯಿಗೆ ಒಂದು ಬೊಗಸೆ ನೀರು ಬಿಡಬೇಕು. ಹೊಟ್ಟೆ ಸೀಳುವಾಗ ಎರಡು ಬೆರಳನ್ನು ತೊಗಲಿನ ಒಳಗೆ ತೂರಿಸಿ ಎತ್ತಿ ಹಿಡಿಯಬೇಕು, ಚೂರಿಯ ಮೊನೆ ಕರುಳಿಗೆ ತಾಗಬಾರದು. ತೊಗಲು ಬಿಡಿಸುವುದಕ್ಕೆ ಚೂರಿ ಬೇಡ, ಮುಷ್ಟಿ ಸಾಕು.

ಎಲ್ಲಕ್ಕಿಂತ ದೊಡ್ಡ ಕೆಲಸ ಆ ಪಿತ್ತದ ಚೀಲದ್ದು. ನಾರಿನಿಂದ ಅದರ ಕತ್ತಿಗೆ ಗಂಟು ಹಾಕಿ, ಆಮೇಲೆ ಕೊಯ್ದು, ಕಲ್ಲಿನ ಕೆಳಗೆ ಹೂಳಬೇಕು. ಒಂದು ಹನಿ ಚೆಲ್ಲಿದರೂ ಮಾಂಸ ಕೆಡುತ್ತದೆ. ಅದಕ್ಕೇ ಹಾಡಿಯಲ್ಲಿ ಒಂದು ಕಟ್ಟಳೆ ಇತ್ತು. ಬಾಣ ತಗಲಿ ಚೀಲ ಒಡೆದರೆ ಬೇಟೆಗಾರ ಬಿಲ್ಲು ಕೆಳಗಿಡಬೇಕು; ಚೂರಿ ತಗಲಿ ಒಡೆದರೆ ಕೊಯ್ದವರು ಚೂರಿ ಕೆಳಗಿಡಬೇಕು. ಯಾರ ತಪ್ಪೋ ಅವರ ಮನೆಗೆ ಆ ಮಿಕದಲ್ಲಿ ಪಾಲಿಲ್ಲ.

ಕೇತಜ್ಜಿಯ ಗಂಟು ನೋಡಿ ಜಡೆಯನೆಂಬ ಬೇಟೆಗಾರ ಸದಾ ಆಡಿಕೊಳ್ಳುತ್ತಿದ್ದ. ಗುರಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಬಾಯಲ್ಲೂ ಇರಲಿಲ್ಲ. ಅಜ್ಜಿ ಗಂಟು ಹಾಕಿ ಮುಗಿಸುವಷ್ಟರಲ್ಲಿ ಈ ಕಡವೆಯ ಮರಿಗೆ ಕೊಂಬು ಬಂದು ಉದುರಿಯೂ ಹೋಗುತ್ತದೆ ಅನ್ನುತ್ತಿದ್ದ. ಅಜ್ಜಿ ಅದನ್ನು ಕೇಳಿ ಇನ್ನೂ ನಿಧಾನ ಮಾಡುತ್ತಿದ್ದಳು.

ಹೀಗಿರುವಾಗ ಹಾಡಿಗೆ ಜ್ವರ ಬಂತು. ಆಗ ಜ್ವರಕ್ಕೆ ಕಾಲಿತ್ತು, ಬಾಯಿತ್ತು. ಸಿಹಿ ಎಂದರೆ ಅದಕ್ಕೆ ಪ್ರಾಣ. ಜೇನು, ಗೆಡ್ಡೆ, ಸಿಹಿ ಸೊಪ್ಪು ತಿಂದ ಮೈಯ ಮೇಲೆ ಹತ್ತಿ ಕೂತರೆ ಇಳಿಯುವ ಮನಸ್ಸೇ ಆಗುತ್ತಿರಲಿಲ್ಲ. ಅದು ಬಂದು ಕೂತದ್ದು ಕೇತಜ್ಜಿಯ ಮಗಳು ಬೇದಮ್ಮನ ಮೇಲೆ. ಬೇದಮ್ಮ ಹೆತ್ತು ಒಂಬತ್ತು ದಿನವಾಗಿತ್ತು. ಮೈ ಸುಡುತ್ತಿತ್ತು, ಎದೆಹಾಲು ಬತ್ತುತ್ತಿತ್ತು, ಕೂಸು ಅಳುವುದಕ್ಕೂ ತ್ರಾಣವಿಲ್ಲದೆ ಮಲಗಿತ್ತು. ಕಡವೆಯ ಈಲಿ ಬಾಣಂತಿಯ ಪಾಲು, ಅದನ್ನು ಸುಟ್ಟು ತಿನ್ನಿಸಿದರೆ ಹೆಣ್ಣು ಎದ್ದು ಕೂರುತ್ತಾಳೆ ಎಂದು ಹಾಡಿಯವರು ನಂಬಿದ್ದರು. ಕೇತಜ್ಜಿಯೂ ನಂಬಿದ್ದಳು. ನಂಬುವುದಕ್ಕೆ ಅವಳಿಗೆ ಬೇರೇನೂ ಇರಲಿಲ್ಲ.

ಜ್ವರ ಹತ್ತಿದ ಮೂರನೆಯ ದಿನ ಜಡೆಯ ಕಡವೆ ಹೊಡೆದ. ಆರು ಕವಲಿನ ಕೊಂಬಿನ ಗಂಡು. ಬಾಣ ಪಕ್ಕೆಲುಬಿನ ಕೆಳಗೆ, ಸ್ವಲ್ಪ ತಗ್ಗಿನಲ್ಲೇ ನಾಟಿತ್ತು. ನಾಲ್ವರು ಅದನ್ನು ಬಿದಿರಿಗೆ ಕಟ್ಟಿ ಹೊತ್ತು ತಂದು ಬಂಡೆಯ ಮೇಲೆ ಮಲಗಿಸಿದರು.

ಆ ಕಾಲದಲ್ಲಿ ಸತ್ತ ಮಿಕದ ಉಸಿರು ಕೂಡಲೇ ಹೊರಟುಹೋಗುತ್ತಿರಲಿಲ್ಲ. ಕೊನೆಯ ಪಾಲು ಎತ್ತುವವರೆಗೆ ಕೊಂಬಿನ ಮೇಲೆ ಕೂತು ನೋಡುತ್ತಿತ್ತು. ಬೆಳಗಿನ ಮಂಜಿನ ತುಣುಕೊಂದು ಬಿಸಿಲಿಗೆ ಕರಗುವುದನ್ನು ಮರೆತು ಅಲ್ಲೇ ನಿಂತಂತೆ ಕಾಣುತ್ತಿತ್ತು. ಅಂದೂ ಅದು ಕೂತಿತ್ತು. ಕೆಳಗೆ ಹೊಳೆ ಸದ್ದಿಲ್ಲದೆ ಹರಿಯುತ್ತಿತ್ತು, ಮೇಲೆ ಗಾಳಿ ಎಲೆಯ ಮೇಲೆ ತಲೆಯಿಟ್ಟು ಮಲಗಿತ್ತು.

ಕೇತಜ್ಜಿ ಎಲೆ ಹಾಸಿದಳು. ನೀರು ಬಿಟ್ಟಳು. ಎರಡು ಬೆರಳಲ್ಲಿ ತೊಗಲು ಎತ್ತಿ ಹಿಡಿದು ಸೀಳಿದಳು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಅಷ್ಟರಲ್ಲಿ ಹಾಡಿಯ ಕಡೆಯಿಂದ ಕೂಸಿನ ಅಳು ಕೇಳಿಸಿತು. ಸಣ್ಣ ಅಳು, ನಡುವೆಯೇ ತುಂಡಾಯಿತು. ಗಂಟು ಹಾಕುವುದಕ್ಕೆ ನಾರು ಹುಡುಕಬೇಕಿತ್ತು, ಅವಳು ಹುಡುಕಲಿಲ್ಲ. ಈಲಿಯನ್ನು ಹಿಡಿದು ಎಳೆದು ಕೊಯ್ದೇಬಿಟ್ಟಳು.

ಚೀಲ ಒಡೆಯಿತು. ಹಸಿರು ಕಹಿ ಈಲಿಯ ಅರ್ಧಕ್ಕೆ ಹರಡಿ, ಬಂಡೆಯ ಮೇಲಿಂದ ಇಳಿದು, ಅಂಚಿನ ಮಣ್ಣಿಗೆ ತೊಟ್ಟಿಕ್ಕಿತು.

ಸುತ್ತ ನಿಂತವರು ಮೂಗು ಮುಚ್ಚಿಕೊಂಡರು. ಹಾಡಿಯ ಯಜಮಾನ ಕುಂಬಯ್ಯ ಬಗ್ಗಿ, ಬಾಣ ನಾಟಿದ ಜಾಗ ನೋಡಿ ನಿಟ್ಟುಸಿರು ಬಿಟ್ಟ. ಬಾಣ ತಗ್ಗಿಗೆ ಬಿದ್ದಿದೆ, ಚೀಲಕ್ಕೆ ತಗಲಿದೆ ಎಂದ. ಅಜ್ಜಿಯ ಕೈ ತಪ್ಪೀತೆಂದು ಯಾರಿಗೂ ಹೊಳೆಯಲೇ ಇಲ್ಲ. ಜಡೆಯನಿಗೂ ಹೊಳೆಯಲಿಲ್ಲ. ಅವನು ಬಿಲ್ಲನ್ನು ಹೆಗಲಿನಿಂದ ಇಳಿಸಿ ಬಂಡೆಯ ಮೇಲಿಟ್ಟ.

ಕೇತಜ್ಜಿ ಕೈಯಲ್ಲಿದ್ದ ಈಲಿ ನೋಡಿದಳು. ಇನ್ನರ್ಧ ಕೆಂಪಗೆ ಚೆನ್ನಾಗಿತ್ತು. ಅಷ್ಟಾದರೂ ಬೇದಮ್ಮನಿಗೆ ಸಿಗುತ್ತದೆ, ತಾನು ಬಾಯಿ ಬಿಡದಿದ್ದರೆ. ಬಿಟ್ಟರೆ ತನ್ನ ಮನೆಗೆ ಪಾಲಿಲ್ಲ, ಮಗಳಿಗೆ ಒಂದು ಚೂರೂ ಇಲ್ಲ. ಹೊಳೆ ನೋಡಿತ್ತು. ಗಾಳಿ ನೋಡಿತ್ತು. ಕೊಂಬಿನ ಮೇಲಿನ ಉಸಿರು ನೋಡಿತ್ತು. ಮೂವರೂ ಮಾತಾಡಲಿಲ್ಲ.

ಕೇತಜ್ಜಿಯೂ ಮಾತಾಡಲಿಲ್ಲ. ಮುಷ್ಟಿಯಿಂದ ತೊಗಲು ಬಿಡಿಸಿದಳು. ತೊಡೆ ಬೇರೆ, ಕತ್ತು ಬೇರೆ, ಪಕ್ಕೆಲುಬು ಬೇರೆ ಮಾಡಿದಳು. ಎಲೆಗಳ ಮೇಲೆ ಪಾಲು ಹಾಕಿದಳು. ಹತ್ತು ಮನೆಗೆ ಹತ್ತು ಪಾಲು, ಜಡೆಯನ ಮನೆ ಬಿಟ್ಟು. ಹತ್ತನೆಯದು ಅವಳದೇ, ಅದರ ಮೇಲೆ ಅರ್ಧ ಈಲಿ. ಅದನ್ನು ಎಲೆಯಲ್ಲಿ ಮಡಚಬೇಕು, ಅಷ್ಟೇ ಉಳಿದಿತ್ತು. ಜಡೆಯ ತನ್ನ ಬಿಲ್ಲಿನ ಪಕ್ಕ ಕೂತು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದ. ಗುರಿ ತಪ್ಪಿದ ಬೆರಳು ಯಾವುದೆಂದು ಹುಡುಕುತ್ತಿರುವವನ ಹಾಗೆ ಕಂಡ.

ಅಜ್ಜಿಗೆ ಎಲೆ ಮಡಚಲಾಗಲಿಲ್ಲ.

"ಬಿಲ್ಲು ಎತ್ಕೊ ಜಡೆಯ," ಎಂದಳು. "ಬಾಣದ್ದೇನೂ ತಪ್ಪಿಲ್ಲ. ನಾನು ಗಂಟು ಹಾಕ್ದೆ ಕುಯ್ದ್‌ಬುಟ್ಟೆ."

ಹಾಡಿಯ ಕಟ್ಟಳೆ ಕುಂಬಯ್ಯ ಮಾಡಿದ್ದಲ್ಲ, ಮುರಿಯುವ ಹಾಗೂ ಇರಲಿಲ್ಲ. ಅಜ್ಜಿ ತಾನೇ ಚೂರಿ ತೊಳೆದು ಅವನ ಕೈಗಿಟ್ಟಳು. ತನ್ನ ಪಾಲನ್ನು ಎಲೆ ಸಮೇತ ಜಡೆಯನ ಮುಂದಿಟ್ಟಳು. ಒಬ್ಬೊಬ್ಬರಾಗಿ ಎಲ್ಲರೂ ಪಾಲೆತ್ತಿಕೊಂಡು ಹೋದರು. ಜಡೆಯ ಎರಡು ಸಲ ಹಿಂತಿರುಗಿ ನೋಡಿ ಹೋದ. ಬಂಡೆಯ ಮೇಲೆ ಕಾಗೆ, ಇರುವೆಗಳಿಗೆಂದು ಬಿಡುವ ಕೊನೆಯ ಪಾಲು ಉಳಿಯಿತು. ಕೊಂಬಿನ ಮೇಲೆ ಉಸಿರು ಉಳಿಯಿತು. ಕೇತಜ್ಜಿ ಉಳಿದಳು. ಮಗಳ ಮುಖ ಹೇಗೆ ನೋಡಲಿ ಎಂದು ಕೂತು ಅತ್ತಳು.

ಆಗ ಉಸಿರು ಮಾತಾಡಿತು. ಎಲೆಯಿಂದ ಎಲೆಗೆ ಹನಿ ಬೀಳುವಂಥ ದನಿ.

"ಯಾಕೆ ಹೇಳಿದೆ ಕೇತಿ? ನಾವು ಮೂವರೂ ಬಾಯಿ ಬಿಡುತ್ತಿರಲಿಲ್ಲ."

"ನೀನು ಜೀವ ಕೊಟ್ಟು ಮಲಗಿದ್ದೀಯ," ಎಂದಳು ಅಜ್ಜಿ. "ನಿನ್ ಪಕ್ಕ ಕೂತು ಸುಳ್ಳು ನುಂಗಕ್ಕಾಗ್ಲಿಲ್ಲ ಕಣಪ್ಪ."

ಉಸಿರು ಕೊಂಬಿನಿಂದ ಮೇಲಕ್ಕೆದ್ದು, ತೇಲಿ, ಮತ್ತೆ ಕೂತಿತು. ತನಗೆ ಹಗುರ ಅನ್ನಿಸುತ್ತಿದೆ ಎಂದಿತು. ಲೋಕ ಹುಟ್ಟಿದಾಗಿನಿಂದ ನಾನೂ ನನ್ನವರೂ ಆ ಚೀಲ ಹೊತ್ತೆವು, ಸತ್ತ ಮೇಲೂ ಅದನ್ನು ಗಂಟು ಕಟ್ಟಿಯೇ ಕಲ್ಲಿನ ಕೆಳಗೆ ಹೂತರು, ಕಹಿ ನೆಲಕ್ಕೆ ಸೇರಿದ್ದು ಇದೇ ಮೊದಲು ಎಂದಿತು. ಇದನ್ನು ಇನ್ನು ಯಾರು ಹೊರುತ್ತೀರಿ ಎಂದು ಕೇಳಿತು.

ಹೊಳೆ ನನ್ನಿಂದಾಗದು, ಮೀನುಗಳು ಬೈಯುತ್ತವೆ ಎಂದು ಒಂದು ಮಾರು ದೂರ ಸರಿಯಿತು. ಗಾಳಿ ನಿದ್ದೆ ಬಂದವರಂತೆ ನಟಿಸಿತು. ಕೊನೆಗೆ ನೆಲ ಮೆತ್ತಗೆ ಹೇಳಿತು, ನನ್ನ ಮೇಲೆ ಬಿದ್ದದ್ದನ್ನು ನಾನೇ ಹೊರುತ್ತೇನೆ ಎಂದು.

ಹೇಳಿದ್ದೇ ತಡ, ಬಂಡೆಯ ಅಂಚಿನ ಮಣ್ಣು ಬಿರಿಯಿತು. ಕಹಿ ತೊಟ್ಟಿಕ್ಕಿದ ಜಾಗದಲ್ಲೇ ಒಂದು ಪುಟ್ಟ ಗಿಡ ಎದ್ದಿತು. ಗೇಣುದ್ದ, ಚೂಪು ಎಲೆ, ಸಣ್ಣ ಬಿಳಿ ಹೂ. ಹೂವಿನ ಮೇಲೆ ಈಲಿಯ ಬಣ್ಣದ ಒಂದು ಕಲೆ.

"ನನಗೆ ಜ್ವರ ಬಂದದ್ದು ಯಾವತ್ತಾದರೂ ನೋಡಿದ್ದೀಯಾ?" ಎಂದಿತು ಉಸಿರು. "ನನ್ನೊಳಗೆ ಕಹಿ ಇತ್ತು, ಅದಕ್ಕೇ ಅದು ಹತ್ತಿರ ಸುಳಿಯಲಿಲ್ಲ. ನಿನ್ನ ಮಗಳ ಮೇಲೆ ಕೂತ ಜ್ವರಕ್ಕೆ ಇದರ ರುಚಿ ತೋರಿಸು."

ಎರಡು ಕಾಗೆ ಬಂದು ಕೊನೆಯ ಪಾಲು ಎತ್ತಿದವು. ಉಸಿರು ಬೆಟ್ಟದ ಕಡೆ ಹೊರಟಿತು. ಮೆಲ್ಲಗೆ ಅಲ್ಲ, ಮರಿ ಕಡವೆಯಂತೆ ನೆಗೆಯುತ್ತಾ ಹೊರಟಿತು. ತನ್ನವರಿಗೆಲ್ಲ, ಇಳಿಸಿರಿ, ಇಳಿಸಿರಿ ಎಂದು ಕೂಗಿ ಹೇಳುತ್ತಾ ಹೋಯಿತು.

ಅಜ್ಜಿ ಸೊಪ್ಪು ಕಿತ್ತು ಓಡಿದಳು. ಕುದಿಸಿದಳು, ಸೋಸಿದಳು, ಮಗಳ ಬಾಯಿಗೆ ಹಿಡಿದಳು. ಬೇದಮ್ಮ ಹುಟ್ಟಿದ ಮೇಲೆ ಕಹಿ ಕಂಡವಳಲ್ಲ. ಮುಖ ಮೂಳೆಯವರೆಗೂ ಕಿವುಚಿಕೊಂಡಳು, ಅವ್ವ, ನನ್ನನ್ನು ಕೊಲ್ಲುತ್ತೀಯಾ ಎಂದಳು. ಆದರೆ ಅವಳಿಗಿಂತ ಹೆಚ್ಚು ಒದ್ದಾಡಿದ್ದು ಜ್ವರ. ಥೂ ಥೂ ಎಂದು ಬೆನ್ನಿನಿಂದ ಜಾರಿ, ಕಾಲಿನಿಂದ ಇಳಿದು, ಬಾಗಿಲು ದಾಟಿ ಗೊಣಗುತ್ತಾ ಹೋಯಿತು. ಬೇದಮ್ಮನ ಹಣೆ ಬೆವರಿತು. ಸಂಜೆಗೆ ಎದೆ ತುಂಬಿತು. ಕೂಸು ಹಾಲು ಕುಡಿಯುವ ಸದ್ದು ಕೇಳುತ್ತಾ ಅಜ್ಜಿ ಗೋಡೆಗೆ ಒರಗಿ ಕೂತಳು, ಎಷ್ಟೋ ದಿನದ ಮೇಲೆ ನಗು ಬಂತು.

ನೆಲ ಹೊತ್ತ ಆ ಗಿಡವೇ ನೆಲಬೇವು. ಆಮೇಲೆ ಬೇವಿನಮರ ಬಂದು ನನಗೂ ಸ್ವಲ್ಪ ಕೊಡು ಎಂದು ಇಸಿದುಕೊಂಡಿತು, ಹಾಗಲ ಬಳ್ಳಿ ಕೇಳದೆಯೇ ಕದ್ದುಕೊಂಡು ಹೋಯಿತು. ಬೇಡ ಎಂದು ಬಿಟ್ಟಿದ್ದ ಕಹಿಗೆ ಈಗ ಬಲು ಬೇಡಿಕೆ.

ಒಂದು ತಿಂಗಳು ಕಳೆದು ಹಾಡಿಗೆ ಮತ್ತೊಂದು ಕಡವೆ ಬಂತು. ಚೂರಿ ಜಡೆಯನ ಕೈಯಲ್ಲಿತ್ತು. ಅವನು ನಾರು ಸಿದ್ಧ ಮಾಡಿಕೊಂಡು, ಉಸಿರು ಬಿಗಿಹಿಡಿದು, ಈಲಿಯನ್ನು ಮಗುಚಿ ನೋಡಿದ. ಚೀಲವೇ ಇರಲಿಲ್ಲ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಇಲ್ಲ. ಅವನು ಹಾಗೇ ಎದ್ದು, ಅಜ್ಜಿಯ ಗುಡಿಸಲಿಗೆ ಹೋಗಿ, ಚೂರಿಯನ್ನು ಅವಳ ಮಡಿಲಿಗೆ ಹಾಕಿದ.

"ಗಂಟು ಹಾಕಕ್ಕೆ ಅಲ್ಲೇನೂ ಉಳ್ದಿಲ್ಲ ಕಣಜ್ಜಿ," ಎಂದ. "ಇನ್ಮೇಲೆ ನಿನ್ನ ಏನಂತ ಆಡ್ಕೊಳ್ಳಲಿ?"

ಯಜಮಾನ ಕುಂಬಯ್ಯನೂ ನಕ್ಕು ತಲೆಯಾಡಿಸಿದ. ಚೆಲ್ಲಲು ಕಹಿಯೇ ಇಲ್ಲವೆಂದ ಮೇಲೆ ಕಟ್ಟಳೆ ಯಾರ ಮೇಲೆ? ಅಜ್ಜಿ ಬಂಡೆಗೆ ಬಂದಳು, ಮತ್ತೆ ಮೊದಲಿನಿಂದ ಎಂಬಂತೆ ಎಲೆ ಹಾಸಿದಳು, ನೀರು ಬಿಟ್ಟಳು. ನಿಧಾನವಾಗಿ ಒಂದು ನಾರು ತೆಗೆದು, ಏನನ್ನೂ ಕಟ್ಟದ ಬರಿಯ ಗಂಟೊಂದನ್ನು ಹಾಕಿ, ಕಡವೆಯ ಕೊಂಬಿಗೆ ಸಿಕ್ಕಿಸಿದಳು. ಜಡೆಯ ಒಂದು ಮಾತೂ ಆಡದೆ ಅದು ಮುಗಿಯುವವರೆಗೆ ಕಾದ.

ಅಂದಿನಿಂದ ಕಡವೆಯ ಈಲಿಯ ಹಿಂದೆ ಪಿತ್ತದ ಚೀಲವಿಲ್ಲ, ಅದು ಮೈ ಹಗುರ ಮಾಡಿಕೊಂಡು ಬೇಲಿ ಬಂಡೆಗಳನ್ನು ಹಾರಿ ಓಡುತ್ತದೆ. ನಿಮಗೆ ಜ್ವರ ಬಂದ ದಿನ ಅಜ್ಜಿ ನೆಲಬೇವಿನ ಕಷಾಯ ಹಿಡಿದು ಬಂದಾಗ ಬೇಕಾದಷ್ಟು ಮುಖ ಕಿವುಚಿಕೊಳ್ಳಿ, ಆದರೆ ಕುಡಿದುಬಿಡಿ, ಯಾಕೆಂದರೆ ಆ ಒಂದು ಗುಟುಕು ಕಹಿಯನ್ನು ಬಹಳ ಕಾಲ ನಮಗಾಗಿ ಕಡವೆಯೊಂದೇ ಹೊತ್ತು ತಿರುಗಿತ್ತು.