ಬಿಳಿದಿನ್ನೆಯ ಮೊದಲ ಪೂಜೆ

ಪೂಜ್ಯ ಮರಿಜ್ಞಾನ ಸ್ವಾಮಿಗಳವರು ಬಿಳಿದಿನ್ನೆಗೆ ಬಂದಾಗ ಅಲ್ಲಿ ದೇವಾಲಯವಿರಲಿಲ್ಲ, ಗುರುಮನೆಯಿರಲಿಲ್ಲ, ಶಿಲುಬೆ ನಿಲ್ಲಿಸಲು ಒಂದು ಕಟ್ಟೆ ಕೂಡ ಇರಲಿಲ್ಲ. ಇದ್ದದ್ದು ಸುಣ್ಣ ಸುಡುವವರ ಒಂದಷ್ಟು ಗುಡಿಸಲು, ಹಗಲಿರುಳು ಹೊಗೆಯಾಡುವ ಸುಣ್ಣದ ಗೂಡುಗಳು, ಇದ್ದಿಲು ತುಂಬಿಡುವ ಒಂದು ತಗಡಿನ ಕೊಟ್ಟಿಗೆ. ಆ ಕೊಟ್ಟಿಗೆಯ ಅರ್ಧವನ್ನು ತಾವೇ ಗುಡಿಸಿ, ಚಾಪೆ ಹಾಸಿಕೊಂಡು, ಮಹಾನುಭಾವರು ಅಲ್ಲಿಯೇ ವಾಸವಾದರು. ಬೆಳಿಗ್ಗೆ ಏಳುವಾಗ ಅವರ ಬಿಳಿ ನಿಲುವಂಗಿ ಇದ್ದಿಲ ಪುಡಿಯಿಂದ ಕಪ್ಪಾಗಿರುತ್ತಿತ್ತು. ಗೂಡುಗಳ ಕಡೆ ಒಂದು ಸುತ್ತು ಹೋಗಿ ಬಂದರೆ ಸುಣ್ಣದ ಧೂಳಿಗೆ ಮತ್ತೆ ಬೆಳ್ಳಗಾಗುತ್ತಿತ್ತು. "ಈ ಊರಲ್ಲಿ ನನಗೆ ಅಗಸರ ಹಂಗಿಲ್ಲ" ಎಂದು ನಗುತ್ತಿದ್ದರು.

ಬಿಳಿದಿನ್ನೆಯವರು ಹಳೆಯ ಕ್ರೈಸ್ತರೇ. ಅಜ್ಜಂದಿರ ಕಾಲದಲ್ಲಿ ಸುಣ್ಣಕಲ್ಲು ಹುಡುಕಿಕೊಂಡು ತೆಂಕಲಿಂದ ಬಂದು ನೆಲೆನಿಂತವರು. ಕೊರಳಲ್ಲಿ ಜಪಸರ ಇತ್ತು, ಬಾಯಲ್ಲಿ ಜಪ ಇತ್ತು, ಗುರುಗಳು ಮಾತ್ರ ಇರಲಿಲ್ಲ. ವರ್ಷಕ್ಕೊಮ್ಮೆ ಯೇಸು ಪುನರುತ್ಥಾನದ ಪಾಸ್ಕ ಹಬ್ಬಕ್ಕೆ ಗಾಡಿ ಕಟ್ಟಿಕೊಂಡು ಪಟ್ಟಣದ ದೇವಾಲಯಕ್ಕೆ ಹೋಗಿ ಬಂದರೆ ಆ ವರ್ಷದ ಭಕ್ತಿ ಮುಗಿಯಿತು. ಹುಟ್ಟಿದ ಕೂಸಿಗೆ ಅಜ್ಜಿಯರೇ ದೀಕ್ಷಾಸ್ನಾನ ಕೊಡುತ್ತಿದ್ದರು. ಸತ್ತವರನ್ನು ತಾವೇ ಮಣ್ಣುಮಾಡಿ, ನಾಲ್ಕು ಜಪ ಹೇಳಿ, ಸ್ನಾನ ಮಾಡಿ ಕೆಲಸಕ್ಕೆ ಹೋಗುತ್ತಿದ್ದರು.

ಆ ಊರಿನ ಯಜಮಾನ ಇನ್ನಾಸಪ್ಪ. ಗಟ್ಟಿ ಆಳು, ಅದಕ್ಕಿಂತ ಗಟ್ಟಿ ಹಟ. ಸ್ವಾಮಿಗಳವರು ಬಂದ ಮೊದಲ ವಾರ ಅವನು ಕೊಟ್ಟಿಗೆಯ ಕಡೆ ತಲೆ ಹಾಕಲಿಲ್ಲ. "ಇವತ್ತು ಬತ್ತಾರೆ, ನಾಳೆ ಹೋಯ್ತಾರೆ. ನಮ್ಮ ಹೊಗೆ ಕುಡಿದುಕೊಂಡು ಇರೋ ಗುರುಗಳು ಯಾರವ್ರೆ?" ಎಂದು ಹೆಂಡತಿ ಮದಲೇನಮ್ಮನ ಹತ್ತಿರ ಗೊಣಗಿದ. ಆದರೂ ಒಳಗೊಳಗೆ ಅವನಿಗೆ ಒಂದು ಆಸೆ ಕುದಿಯುತ್ತಿತ್ತು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೆ? ಒಂದು ಸಂಜೆ ತಲೆವಸ್ತ್ರ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ನಿಂತ.

"ಸ್ತೋತ್ರ ಸ್ವಾಮಿ."

"ಸ್ತೋತ್ರವಪ್ಪ. ಬಾ, ಕೂತುಕೋ."

ಅವನು ಕೂರಲಿಲ್ಲ. ನಿಂತೇ ಹೇಳಿದ. "ನನ್ನ ಮಗ ಮಿಕೇಲ ಗೂಡಿಗೆ ಬಿದ್ದು ಹೋದ ಸ್ವಾಮಿ. ಗುರುಗಳಿಲ್ಲದೆ, ತೀರ್ಥವಿಲ್ಲದೆ ಮಣ್ಣು ಮಾಡಿದೊ. ನೀವಿಲ್ಲಿ ಮೊದಲನೇ ಪೂಜೆ ಇಟ್ಟರೆ ಅದು ಅವನ ಆತ್ಮಕ್ಕೆ ಸಲ್ಲಬೇಕು. ಅಷ್ಟು ನಡೆಸಿಕೊಟ್ಟರೆ ಇಡೀ ಊರು ನಿಮ್ಮ ಹಿಂದೆ ಬತ್ತದೆ. ದೇವಾಲಯದ ಗೋಡೆಗೆ ಸುಣ್ಣ ನಂದು."

"ಆಗಲಿ" ಎಂದರು ಸ್ವಾಮಿಗಳು.

"ಇನ್ನೊಂದು ಮಾತು." ಇನ್ನಾಸಪ್ಪನ ದನಿ ಬಿಗಿಯಾಯಿತು. "ನನ್ನ ತಮ್ಮ ಚೌರಪ್ಪ ಅಂತ ಒಬ್ಬನವ್ನೆ. ಬಂದರೆ ಬರಲಿ, ಹಿಂದೆ ಕೂರಲಿ. ಆದರೆ ಅವನಿಗೆ ನಾವ್ಯಾರೂ ಓಗೊಡಾಕಿಲ್ಲ. ಅದು ಊರಿನ ಕಟ್ಟು."

ಆ ಕಟ್ಟಿನ ಕಥೆ ಇಷ್ಟು. ಉರಿಯುವ ಗೂಡಿನ ಮೇಲೆ ಕಲ್ಲು ಹೆಪ್ಪುಗಟ್ಟಿ ನೆಲದ ಹಾಗೆ ಕಾಣುತ್ತದೆ, ಕಾಲಿಟ್ಟರೆ ಒಳಗೆ ಕೆಂಡ. ಅದಕ್ಕೇ ಗೂಡು ಆರುವ ತನಕ ಯಾರಾದರೂ ಕಾವಲಿರಲೇಬೇಕು. ಆವತ್ತು ಚೌರಪ್ಪನ ಕಾವಲು. ಒಂದು ಗಳಿಗೆ ಎಂದು ಎದ್ದು ಹೋದವನು ಹೆಂಡದಂಗಡಿಯಲ್ಲಿ ಕೂತುಬಿಟ್ಟ. ಗೂಡಿನ ಅಂಚಿನಲ್ಲಿ ಗೆಣಸು ಸುಡಲು ಹತ್ತಿದ ಮಗು ಮಿಕೇಲ ಜಾರಿದ. ಮಾರನೆಯ ದಿನವೇ ಇನ್ನಾಸಪ್ಪ ಊರನ್ನು ಸೇರಿಸಿ, ಚೌರಪ್ಪನ ಮಾತಿಗೆ ಯಾರೂ ಓಗೊಡಬಾರದು ಎಂದು ಕಟ್ಟು ಮಾಡಿದ. ಅವನು ಕರೆದರೆ ತಿರುಗುವ ಹಾಗಿಲ್ಲ, ಕೇಳಿದರೆ ಹೇಳುವ ಹಾಗಿಲ್ಲ. ಅವನ ಹೆಂಡತಿ ತವರಿಗೆ ಹೋದಳು. ಚೌರಪ್ಪ ಕುಡಿತ ಬಿಟ್ಟ, ಊರು ಬಿಡಲಿಲ್ಲ. ವರ್ಷಗಟ್ಟಲೆ ಎತ್ತುಗಳ ಜೊತೆ ಮಾತಾಡಿಕೊಂಡು ಬದುಕಿದ, ಪಾಪ.

ಸ್ವಾಮಿಗಳವರು ಎಲ್ಲವನ್ನೂ ಕೇಳಿ, "ಈ ಊರಲ್ಲಿ ಓದಲು ಯಾರಿಗೆ ಬರುತ್ತದೆ?" ಎಂದರು.

ಇನ್ನಾಸಪ್ಪ ಮುಖ ಸಿಂಡರಿಸಿದ. "ಅವನೊಬ್ಬನಿಗೇ. ಚಿಕ್ಕಂದಲ್ಲಿ ಪಟ್ಟಣದ ಸಿಸ್ಟರುಗಳ ಹತ್ತಿರ ಕಲಿತವ್ನೆ."

"ಹಾಗಾದರೆ ಪೂಜೆಯಲ್ಲಿ ಅವನೇ ಓದಲಿ."

ಇನ್ನಾಸಪ್ಪ ಲೆಕ್ಕ ಹಾಕಿದ. ಅವನು ಕಂಡ ಪೂಜೆ ಹಳೆಯ ಕಾಲದ್ದು. ಗುರುಗಳು ಬೆನ್ನು ತಿರುಗಿಸಿ ಲತೀನ್ ಭಾಷೆಯಲ್ಲಿ ಏನೋ ಹೇಳುತ್ತಿದ್ದರು, ಪಕ್ಕದಲ್ಲಿ ಮೊಣಕಾಲೂರಿದ ಉಪದೇಶಿ ಉತ್ತರ ಕೊಡುತ್ತಿದ್ದ, ಜನ ತಮ್ಮ ಪಾಡಿಗೆ ಜಪಸರ ಎಣಿಸುತ್ತಿದ್ದರು. ಓದುವವನು ಓದಿಕೊಳ್ಳಲಿ, ಕೇಳುವವರು ಯಾರು? "ಆಯ್ತು ಸ್ವಾಮಿ" ಎಂದು ಒಪ್ಪಿಬಿಟ್ಟ.

ಪೂಜೆ ಕನ್ನಡಕ್ಕೆ ಬಂದ ಹೊಸತು ಅದು. ಸ್ವಾಮಿಗಳವರು ಸಂಜೆ ಹೊತ್ತು ಹೆಂಗಸರು ಮಕ್ಕಳನ್ನು ಕೂರಿಸಿಕೊಂಡು, ಗುರುಗಳು ಏನಂದರೆ ಸಭೆ ಏನನ್ನಬೇಕು ಎಂದು ಬಾಯಿಪಾಠ ಮಾಡಿಸಿದರು. ಮದಲೇನಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಗಂಡನನ್ನು ಕರೆದರೆ, "ಪೂಜೆ ಅಂದ್ರೆ ನಂಗೊತ್ತಿಲ್ವಾ? ನೀನು ಹುಟ್ಟೋಕ್ ಮುಂಚೆ ನೋಡಿವ್ನಿ" ಎಂದು ಗೂಡಿನ ಕಡೆ ನಡೆದುಬಿಡುತ್ತಿದ್ದ. ಯಜಮಾನಿಕೆ ಎಂದರೆ ಹಾಗೇ ಅಲ್ಲವೆ, ಗೊತ್ತಿಲ್ಲದ್ದನ್ನೂ ಗೊತ್ತು ಎನ್ನಬೇಕು!

ಭಾನುವಾರ ಬಂತು. ಕೊಟ್ಟಿಗೆಗೆ ಒಳಗೂ ಹೊರಗೂ ಹೊಸ ಸುಣ್ಣ ಬಳಿದಿತ್ತು. ಕಲ್ಲು ಸಾಗಿಸುವ ಗಾಡಿಯ ಹಲಗೆಗಳೇ ಬಲಿಪೀಠ, ಮದಲೇನಮ್ಮನ ಮದುವೆಯ ಸೀರೆಯೇ ಪೀಠದ ಹೊದಿಕೆ. ಇನ್ನಾಸಪ್ಪ ಎಲ್ಲರಿಗಿಂತ ಮುಂದೆ ಕೂತ. ಮಗನ ಹೆಸರು ದೇವರ ಮುಂದೆ ಕೇಳುವ ದಿನ ಅದು.

ಸ್ವಾಮಿಗಳವರು ಜನರ ಕಡೆ ಮುಖ ಮಾಡಿ ನಿಂತು, ಪ್ರಭು ನಿಮ್ಮೊಡನಿರಲಿ ಎಂದು ಹರಸಿದರು. ಹಿಂದಿನಿಂದ ಹೆಂಗಸರೆಲ್ಲ ಒಟ್ಟಿಗೆ ಉತ್ತರ ಕೊಟ್ಟರು. ಇನ್ನಾಸಪ್ಪ ಬೆಚ್ಚಿ ತಿರುಗಿದ. ಇದೇನಿದು, ಪೂಜೆಯ ನಡುವೆ ಹೆಂಗಸರು ಗುರುಗಳಿಗೆ ಮಾತಿಗೆ ಮಾತು ಕೊಡುತ್ತಾರಲ್ಲ!

ಆಮೇಲೆ ಚೌರಪ್ಪ ಎದ್ದು ಬಂದ. ಓದಿ ಮುಗಿಸಿ, ಕಲಿಸಿದ್ದ ಹಾಗೆ "ಪ್ರಭುವಿನ ವಾಕ್ಯ" ಎಂದ. ಸಭೆ ಉತ್ತರ ಕೊಡಬೇಕಾದ ಜಾಗ ಅದು. ಹೆಂಗಸರ ಬಾಯಿಗೆ ಬಂದದ್ದು ಬಾಯಲ್ಲೇ ನಿಂತಿತು. ಎಲ್ಲರ ಕಣ್ಣೂ ಇನ್ನಾಸಪ್ಪನ ಬೆನ್ನಿನ ಮೇಲೆ. ಸ್ವಾಮಿಗಳು ತಮ್ಮನನ್ನೇ ಓದಲು ಯಾಕೆ ನಿಲ್ಲಿಸಿದರು ಎಂದು ಅವನಿಗೆ ಆಗ ಅರ್ಥವಾಯಿತು. ಅರ್ಥವಾದ ಮೇಲೆ ದವಡೆ ಇನ್ನಷ್ಟು ಬಿಗಿ ಹಿಡಿದ. ಸ್ವಾಮಿಗಳವರು ತಾವೊಬ್ಬರೇ, ಮೆಲ್ಲಗೆ, "ದೇವರಿಗೆ ಕೃತಜ್ಞತೆ ಸಲ್ಲಲಿ" ಎಂದರು.

ಸಭೆಯ ಬಿನ್ನಹಗಳನ್ನು ಹೇಳುವುದೂ ಚೌರಪ್ಪನ ಪಾಲಿಗೇ ಬಂದಿತ್ತು. ಕಾಯಿಲೆಯವರಿಗಾಗಿ ಬೇಡಿದ, ಉತ್ತರವಿಲ್ಲ, ಸ್ವಾಮಿಗಳೇ ಓಗೊಟ್ಟರು. ಮಳೆಗಾಗಿ ಬೇಡಿದ, ಅದಕ್ಕೂ ಅವರೇ. ಆಮೇಲೆ ಚೌರಪ್ಪ ಪುಸ್ತಕ ಮುಚ್ಚಿದ. ಮುಂದಿನದನ್ನು ನೋಡಿ ಹೇಳಬೇಕಾಗಿರಲಿಲ್ಲ.

"ನಮ್ಮ ಮಗು ಮಿಕೇಲನ ಆತ್ಮಕ್ಕೆ ಶಾಂತಿ ಸಿಗಲಿ ಎಂದು ಪ್ರಭುವನ್ನು ಬೇಡೋಣ."

ಯಾರೂ ಓಗೊಡಲಿಲ್ಲ. ಇನ್ನಾಸಪ್ಪ ಸ್ವಾಮಿಗಳ ಕಡೆ ನೋಡಿದ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದ. ಸ್ವಾಮಿಗಳವರು ಕೈಮುಗಿದು ನಿಂತೇ ಇದ್ದರು. ಮಗನ ಹೆಸರು ಕೊಟ್ಟಿಗೆಯಲ್ಲಿ ಒಂಟಿಯಾಗಿ ನಿಂತುಬಿಟ್ಟಿತು.

"ಸ್ವಾಮಿ, ಹೇಳಿ" ಎಂದ ಇನ್ನಾಸಪ್ಪ. "ನನ್ನ ಮಗನಿಗೆ ಹೇಳಿ."

ಸ್ವಾಮಿಗಳವರ ಮುಖದಲ್ಲಿ ಸಿಟ್ಟಿರಲಿಲ್ಲ. "ಇದಕ್ಕೆ ನಾನು ಓಗೊಡುವುದಿಲ್ಲ, ಯಜಮಾನ. ಇದು ತಂದೆ ಓಗೊಡಬೇಕಾದ ಮಾತು."

ಹೊರಗೆ ಎಲ್ಲೋ ಒಂದು ಕತ್ತೆ ಅರಚಿ ಸುಮ್ಮನಾಯಿತು. ಮದಲೇನಮ್ಮ ಸೆರಗು ಬಾಯಿಗೊತ್ತಿಕೊಂಡಿದ್ದಳು. ಗಂಡನ ಕಟ್ಟು ಮೀರಲಾರಳು, ಮಗನ ಹೆಸರನ್ನು ಹಾಗೆ ಬಿಡಲಾರಳು. ಇನ್ನಾಸಪ್ಪ ನೆಲಕ್ಕೆ ಕೈಯೂರಿ ಎದ್ದ. ಹೇಳಬೇಕಾದ ಮಾತು ಅವನಿಗೆ ಗೊತ್ತೇ ಇರಲಿಲ್ಲ. ಕಲಿಯಲು ಹೋಗಿದ್ದರೆ ತಾನೆ! ತಮ್ಮನ ಕಡೆ ತಿರುಗಿ, ಬಾಯಿಗೆ ಬಂದದ್ದನ್ನು ಹೇಳಿದ.

"ಹೂಂ ಕಣಪ್ಪ, ಸಿಗಲಿ. ನಮ್ಮ ಮಗೀಗೆ ಶಾಂತಿ ಸಿಗಲಿ."

ಆಮೇಲೆ ಇಡೀ ಊರು ಓಗೊಟ್ಟಿತು. ಬಾಯಿಪಾಠ ಮಾಡಿದ್ದ ಮಾತು ಯಾರಿಗೂ ನೆನಪಾಗಲಿಲ್ಲ. ಎಲ್ಲರೂ ಯಜಮಾನನ ಮಾತನ್ನೇ ಹೇಳಿದರು, ಅಳುತ್ತ ಹೇಳಿದರು. ಸ್ವಾಮಿಗಳವರು ಯಾರನ್ನೂ ತಿದ್ದಲಿಲ್ಲ. ಚೌರಪ್ಪ ಮಾತ್ರ ನಿಂತಲ್ಲೇ ನಿಂತಿದ್ದ. ಅಷ್ಟು ವರ್ಷಗಳಲ್ಲಿ ಊರವರ ಬಾಯಿಂದ ಉತ್ತರ ಕೇಳದವನಿಗೆ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ.

"ಇನ್ನೂ ಐತಲ್ಲ, ಹೇಳೋ ಚೌರಿ" ಎಂದ ಇನ್ನಾಸಪ್ಪ.

ಬಿಳಿದಿನ್ನೆಯ ಕ್ರೈಸ್ತ ಸಭೆ ಹುಟ್ಟಿದ್ದು ಆ ಗಳಿಗೆಯಲ್ಲಿ ಎಂದು ಅಲ್ಲಿನ ಹಿರಿಯರು ಇಂದಿಗೂ ಕೈಮುಗಿದು ಹೇಳುತ್ತಾರೆ. ಆ ಕೊಟ್ಟಿಗೆಯಿದ್ದ ಜಾಗದಲ್ಲಿ ಮುಂದೆ ಕಲ್ಲಿನ ದೇವಾಲಯವೇ ಎದ್ದಿತು. ಅದರ ಗೋಡೆಗೆ ಅಣ್ಣತಮ್ಮಂದಿರು ಒಂದೇ ಗೂಡಿನಲ್ಲಿ ಸುಣ್ಣ ಸುಟ್ಟರು. ಅದು ಆಮೇಲಿನ ಮಾತು.

ಆವತ್ತು ಪೂಜೆ ಮುಗಿದಾಗ ಇನ್ನಾಸಪ್ಪ ಸ್ವಾಮಿಗಳ ಪಾದ ಮುಟ್ಟಲು ಬಗ್ಗಿದ. ಅವರು ಅವನ ತೋಳು ಹಿಡಿದು ಎಬ್ಬಿಸಿ, ಬಾಗಿಲ ಕಡೆಗೆ ತಿರುಗಿಸಿದರು. ಬಾಗಿಲ ಹೊರಗೆ ಚೌರಪ್ಪ ಒಬ್ಬನೇ ನಿಂತಿದ್ದ. ಮಗು ಸತ್ತ ದಿನ ಅವನನ್ನು ಮಣ್ಣಿಗೆ ಬರಗೊಟ್ಟಿರಲಿಲ್ಲ. ಆಮೇಲೂ ಆ ಗೋರಿಯ ಕಡೆ ಕಾಲಿಡುವ ಅಪ್ಪಣೆ ಅವನಿಗಿರಲಿಲ್ಲ.

ಇನ್ನಾಸಪ್ಪ ಹತ್ತಿರ ಹೋಗಿ ಅವನ ಮುಂಗೈ ಹಿಡಿದ.

"ಬಾ" ಎಂದ. "ನಿಂಗೆ ಮಿಕೇಲನ ಜಾಗ ತೋರಿಸ್ತೀನಿ."