ಬೀಗರು ತಂದ ಎಲೆಗಳು

"ಗುರುಗಳೇ, ನನ್ನ ಜಾಲಪುಟದಲ್ಲಿ ಶೀರ್ಷಿಕೆ, ಚಿತ್ರ, ಗುಂಡಿ ಎಲ್ಲವನ್ನೂ ಎಡದಂಚಿನಿಂದ ಇಷ್ಟು, ಮೇಲಂಚಿನಿಂದ ಇಷ್ಟು ಎಂದು ಅಳೆದು ಕೂರಿಸಿದ್ದೇನೆ. ಪ್ರತಿಯೊಂದಕ್ಕೂ ತನ್ನ ಸ್ಥಾನವಿರುವಾಗ, ಅವನ್ನು ಮತ್ತೆ ಕಂಟೇನರುಗಳೆಂಬ ಚೌಕಟ್ಟುಗಳೊಳಗೆ ಗುಂಪು ಮಾಡಿ ಇಡಬೇಕೆಂದು ತಾವು ಹೇಳುವುದೇಕೆ?" ಎಂದು ಶಿಷ್ಯ ಕೇಳಿದ.

"ಪುಟವನ್ನು ಮೊಬೈಲಿನಲ್ಲಿ ತೆರೆದು ನೋಡಿದೆಯಾ?"

"ನೋಡಿದೆ. ಚಿತ್ರ ಅರ್ಧಕ್ಕೇ ಕತ್ತರಿಸಿಹೋಗಿದೆ, ಗುಂಡಿ ಪರದೆಯಾಚೆ ಎಲ್ಲೋ ಹೋಗಿದೆ. ತಪ್ಪು ಮೊಬೈಲಿನದು, ಅದು ತೀರ ಕಿರಿದು."

ಗುರು ಒಂದು ಕತೆ ಹೇಳಿದರು.

ಪಟ್ಟಣದ ಛತ್ರವೊಂದರಲ್ಲಿ ಒಬ್ಬ ಬಡಿಸುವವನಿದ್ದ. ಛತ್ರದ ಬಾಳೆಯೆಲೆಗಳೆಲ್ಲ ಒಂದೇ ಅಳತೆಗೆ ಕತ್ತರಿಸಿದವು. ಅವನ ಕೈಯೂ ಅಷ್ಟೇ ಖಚಿತ. ಎಡತುದಿಯಲ್ಲಿ ಉಪ್ಪು, ನಾಲ್ಕು ಬೆರಳಿಗೆ ಉಪ್ಪಿನಕಾಯಿ, ಒಂದು ಗೇಣಿಗೆ ಕೋಸಂಬರಿ, ಒಂದೂವರೆ ಗೇಣಿಗೆ ಪಲ್ಯ, ಎರಡು ಗೇಣಿಗೆ ಪಾಯಸ. ಕಣ್ಣು ಮುಚ್ಚಿಕೊಂಡೂ ಬಡಿಸಬಲ್ಲೆನೆಂದು ಅವನು ಹೇಳಿಕೊಳ್ಳುತ್ತಿದ್ದ. ಹೆಚ್ಚುಕಡಿಮೆ ಹಾಗೆಯೇ ಬಡಿಸುತ್ತಲೂ ಇದ್ದ.

ಅವನ ಹೆಸರು ಕೇಳಿ ಒಬ್ಬ ವರ್ತಕ ತನ್ನ ಮಗಳ ಮದುವೆಗೆ ಅವನನ್ನು ಕರೆಸಿದ. ಬೀಗರ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಯಾರ ಮನೆಗೆ ಊಟಕ್ಕೆ ಹೋದರೂ ಅವರು ಎಲೆಯನ್ನು ತಮ್ಮ ಮನೆಯಿಂದಲೇ ಒಯ್ಯುತ್ತಿದ್ದರು. ಪಂಕ್ತಿ ಕುಳಿತಾಗ ಒಬ್ಬರ ಮುಂದೆ ತುಂಡರಿಸದ ಬಾಳೆಯೆಲೆ, ಒಬ್ಬರ ಮುಂದೆ ಪುಟ್ಟ ಕುಡಿಯೆಲೆ, ಒಬ್ಬರ ಮುಂದೆ ಮುತ್ತುಗದ ಪತ್ರಾವಳಿ. ವರನ ಸೋದರಮಾವ ತನ್ನೂರಿನ ಕೆರೆಯ ತಾವರೆಯೆಲೆಯನ್ನು ಬಿಡಿಸಿ ಹಾಸಿಕೊಂಡ.

ಬಡಿಸುವವನು ಎಲೆಗಳನ್ನು ನೋಡಲಿಲ್ಲ. ನೋಡುವ ಅಭ್ಯಾಸವೇ ಅವನಿಗಿರಲಿಲ್ಲ. ಗೇಣು ಹಾಕಿದ, ಬಡಿಸಿದ, ಮುಂದೆ ನಡೆದ.

ದೊಡ್ಡ ಎಲೆಯವರ ಊಟವೆಲ್ಲ ಎಡಗಡೆಗೆ ಒತ್ತಿಕೊಂಡಿತು. "ಉಳಿದ ಜಾಗವನ್ನು ಯಾರಿಗಯ್ಯಾ ಬಾಡಿಗೆಗೆ ಕೊಟ್ಟಿದ್ದೀಯೆ?" ಎಂದು ಅವರು ಕೇಳಿದರು. ಕುಡಿಯೆಲೆಯವರ ಪಲ್ಯ ಪಕ್ಕದವರ ಎಲೆಗೆ ಸೇರಿತು. ಪಕ್ಕದವರು ಅದನ್ನು ತಮ್ಮ ಪಲ್ಯದ ಜೊತೆ ಸೇರಿಸಿಕೊಂಡರು. ಸೋದರಮಾವನ ತಾವರೆಯೆಲೆ ಒಂದೂವರೆ ಗೇಣಿಗೇ ಮುಗಿದಿತ್ತು. ಎರಡನೆಯ ಗೇಣಿನಲ್ಲಿ ಅವನ ಮಡಚಿದ ಮೊಣಕಾಲಿತ್ತು, ಮೊಣಕಾಲಿನ ಮೇಲೆ ಜರಿಪಂಚೆಯಿತ್ತು. ಪಾಯಸ ಅಲ್ಲಿಗೆ ಬಿತ್ತು.

"ಏನಯ್ಯಾ ಇದು?" ಎಂದ ಸೋದರಮಾವ.

"ಪಾಯಸ, ಸ್ವಾಮಿ. ಅದು ತನ್ನ ಜಾಗದಲ್ಲೇ ಇದೆ. ತಮ್ಮ ಎಲೆಯೇ ಇಲ್ಲಿವರೆಗೆ ಬಂದಿಲ್ಲ."

ಸೋದರಮಾವ ಏಳಲೆಂದು ನೆಲಕ್ಕೆ ಕೈಯೂರಿದ. ಅವನೊಬ್ಬ ಎದ್ದರೆ ಬೀಗರ ಪಂಕ್ತಿಯೆಲ್ಲ ಏಳುತ್ತದೆ. ವಧುವಿನ ತಂದೆ ಓಡಿ ಬಂದು ಕೈಮುಗಿದ. ಬಡಿಸುವವನನ್ನು ಒಮ್ಮೆ ನೋಡಿದ, ಬೈಯಲಿಲ್ಲ. ಬೈದಿದ್ದರೆ ಬಡಿಸುವವನು ಇಷ್ಟು ಹೆದರುತ್ತಿರಲಿಲ್ಲ. ಬೀಗರು ಉಣ್ಣದೆ ಎದ್ದು ಹೋದರೆಂಬ ಸುದ್ದಿ ಹಬ್ಬಿದ ಮೇಲೆ ಅವನ ಕೈಗೆ ಯಾರು ಸೌಟು ಕೊಡುತ್ತಾರೆ?

"ಒಂದು ಗಳಿಗೆ ತಡೆಯಿರಿ, ಸ್ವಾಮಿ," ಎಂದ. ಗೇಣು ಹಾಕುವ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ತನ್ನ ಆಯುಷ್ಯದಲ್ಲಿ ಮೊದಲ ಸಲ ಒಂದು ಎಲೆಯನ್ನು ನೋಡಿದ.

ಆಮೇಲೆ ಎಲೆಯನ್ನು ತೊಳೆದು ಮೊದಲಿನಿಂದ ಬಡಿಸಿದ. ಮೇಲರ್ಧ ನೆಂಚಿಕೊಳ್ಳುವ ಪದಾರ್ಥಗಳಿಗೆ, ಕೆಳಗರ್ಧ ಅನ್ನ ಪಾಯಸಗಳಿಗೆ ಎಂದು ಮನಸ್ಸಿನಲ್ಲೇ ಭಾಗ ಮಾಡಿದ. ಎಲೆ ಹಿರಿದಾದರೆ ಅರ್ಧವೂ ಹಿರಿದು, ಕಿರಿದಾದರೆ ಅರ್ಧವೂ ಕಿರಿದು. ಮೊದಲು ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಅದರ ಪಕ್ಕ ಕೋಸಂಬರಿ. ಪಲ್ಯಕ್ಕೆ ಆ ಸಾಲಿನಲ್ಲಿ ಜಾಗವಿರಲಿಲ್ಲ. ಅದನ್ನು ಎಲೆಯಾಚೆಗೆ ನೂಕದೆ, ಅದೇ ಅರ್ಧದೊಳಗೆ ಎರಡನೆಯ ಸಾಲಿಗೆ ಇಳಿಸಿದ. ಕೆಳಗೆ ಅನ್ನವನ್ನು ತುಸು ಸರಿಸಿ, ಪಾಯಸ ಹರಿಯದಂತೆ ಅದಕ್ಕೊಂದು ದೊನ್ನೆಯಿಟ್ಟ.

ಸೋದರಮಾವ ಎಲೆಯನ್ನು ಈ ಕೊನೆಯಿಂದ ಆ ಕೊನೆಗೆ ನೋಡಿದ. ಒದ್ದೆ ಪಂಚೆಯನ್ನು ಮೊಣಕಾಲಿನಿಂದ ಬಿಡಿಸಿಕೊಂಡ. "ಸಾರು ಬರಲಿ," ಎಂದ.

ಬಡಿಸುವವನು ಪಂಕ್ತಿಯ ಮೊದಲಿಗೆ ಹೋಗಿ, ಪ್ರತಿಯೊಂದು ಎಲೆಯ ಮುಂದೆಯೂ ನಿಂತು, ನೋಡಿ, ಬಡಿಸುತ್ತ ಬಂದ. ಕುಡಿಯೆಲೆಯವರಿಗೂ ಪಲ್ಯ ಸಿಕ್ಕಿತು. ಅವರ ಪಕ್ಕದವರಿಗೆ ಮಾತ್ರ ಕೊಂಚ ಬೇಸರವಾಯಿತು.

ಶಿಷ್ಯ ಬಹಳ ಹೊತ್ತು ನಕ್ಕ. ಆಮೇಲೆ ಗಂಭೀರನಾದ.

"ಎಲೆ ಎಂದರೆ ಪರದೆ. ಆ ಮೇಲರ್ಧ, ಕೆಳಗರ್ಧಗಳೇ ತಾವು ಹೇಳುವ ಕಂಟೇನರುಗಳು. ಪದಾರ್ಥ ತನ್ನ ಅರ್ಧವನ್ನು ನೋಡಿ ಕೂರುತ್ತದೆ, ಅರ್ಧ ಎಲೆಯನ್ನು ನೋಡಿ ಹಿಗ್ಗುತ್ತದೆ, ಕುಗ್ಗುತ್ತದೆ. ಅಷ್ಟು ತಿಳಿಯಿತು. ಆದರೂ ಗುರುಗಳೇ, ಇಷ್ಟೆಲ್ಲ ಪಾಡೇಕೆ? ಎಲ್ಲರೂ ಒಂದೇ ಅಳತೆಯ ದೊಡ್ಡ ಎಲೆಯನ್ನು ತರಬೇಕೆಂದು ಬೀಗರಿಗೆ ಮೊದಲೇ ಹೇಳಿ ಕಳಿಸಿದ್ದರೆ ಆಗುತ್ತಿತ್ತಲ್ಲ?"

"ಹಾಗೆ ಹೇಳಿ ಕಳಿಸಿದ ಇನ್ನೊಬ್ಬನೂ ಇದ್ದಾನಪ್ಪ, ಅವನ ಪಂಕ್ತಿಯಲ್ಲಿ ಈಗ ಅವನೊಬ್ಬನೇ ಕುಳಿತು ಉಣ್ಣುತ್ತಾನೆ," ಎಂದರು ಗುರು.