ನೆಲಕ್ಕೆ ನೂರೆಂಟು ನಮಸ್ಕಾರ

ನದಿ ದಂಡೆಯ ಆ ಮಠದಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಯಾರೂ ಕಾಲು ಕೆಳಗಿಡುವುದಿಲ್ಲ. ಮೊದಲು ಬಗ್ಗಿ ನೆಲ ಮುಟ್ಟಿ, ‘ನಿನ್ನ ಮ್ಯಾಲ ಕಾಲಿಡಾಕತ್ತೇನಿ, ತಪ್ಪಾತವ್ವಾ’ ಅನ್ನಬೇಕು. ಆಮೇಲೆ ಎದ್ದು ನಿಲ್ಲಬೇಕು.

ಒಂದು ಸಲ ಮುಟ್ಟಿದರೆ ಸಾಕು. ಆದರೆ ಅವತ್ತು ಶಿಷ್ಯ ಮಡಿವಾಳಯ್ಯ ಹೊತ್ತು ಮಾರು ಏರಿದರೂ ಅಂಗಳದಲ್ಲಿ ಬಗ್ಗುತ್ತಲೇ ಇದ್ದ. ಹಣೆ ತುಂಬ ಮಣ್ಣು ಮೆತ್ತಿತ್ತು.

ಗುರುಗಳು ಹೊರಗೆ ಬಂದರು. ಎಲ್ಲರೂ ಅವರನ್ನು ಅಜ್ಜಾರು ಅನ್ನುತ್ತಿದ್ದರು. ಎಂಬತ್ತು ದಾಟಿದ ವಯಸ್ಸು. ಮಾತು ಕಡಿಮೆ, ಆಡಿದರೆ ಮಾತ್ರ ಚುರುಕ್ ಅನ್ನುತ್ತಿತ್ತು.

“ಎಷ್ಟಾತೋ?”

“ನೂರೆಂಟ್ರಿ ಅಜ್ಜಾರ.”

“ನೆಲದವ್ವ ಏನಂದ್ಳು?”

“ಏನೂ ಅನ್ನಲಿಲ್ರಿ.”

“ಕುಂದ್ರು.”

ಮಡಿವಾಳಯ್ಯ ಕೂತ. ಎರಡು ದಿನದಿಂದ ಅವನು ಸರಿಯಾಗಿ ಉಂಡಿರಲಿಲ್ಲ.

“ಸೋಮವಾರ ಪ್ಯಾಟಿಗೆ ಹೋಗಿದ್ನಲ್ರಿ. ಅಲ್ಲಿ ಸಿನಿಮಾ ನೋಡಿದ್ನಿರಿ.”

ಮಠದವರು ಸಿನಿಮಾಕ್ಕೆ ಹೋಗಬಹುದೇ ಅಂತ ಕೇಳಬೇಡಿ. ಹೋಗಿದ್ದ, ಅಷ್ಟೇ. ಅಜ್ಜಾರೇ ಅದನ್ನು ಕೇಳಲಿಲ್ಲ, ನಮಗೇನು?

“ಎಂಥಾ ಸಿನಿಮಾ?”

“ದೇಶದ್ದರಿ. ಒಬ್ಬ ಮಂತ್ರಿ ಇರ್ತಾನ, ಯಾರಿಗೂ ಅಂಜೂದಿಲ್ಲ. ಕಡೀಕ ನಮ್ಮ ವಿಮಾನ ಹೋಗಿ ವೈರಿ ಊರು ಸುಡ್ತಾವ. ಥೇಟರಿಗೆ ಥೇಟರ ಎದ್ದು ನಿಂತು ಜೈ ಅಂತ ಕೂಗಿತು. ನಾನೂ ಕೂಗಿದ್ನಿ. ಸುಳ್ಳ್ಯಾಕ ಹೇಳ್ಲಿ, ಎದಿ ಉಬ್ಬಿತ್ರಿ. ಆ ಬಲ ಎಲ್ಲಾ ನಂದ ಅನಿಸ್ತು.”

“ಚಲೋ ಆತಲ್ಲ. ಮತ್ತ್ಯಾಕ ಹಿಂಗ ಮಾರಿ ಮಾಡ್ಕೊಂಡಿ?”

ಮಡಿವಾಳಯ್ಯ ತಲೆ ಎತ್ತಲಿಲ್ಲ.

“ನನ್ನ ಮಗ್ಗಲಕ್ಕ ಕುಂತಾಂವ ಏಳಲಿಲ್ರಿ.”

“ಯಾರು?”

“ಅಂಬಿಗರ ದುರ್ಗಪ್ಪ.”

ದುರ್ಗಪ್ಪ ಅಂದರೆ ಮಠದ ಕೆಳಗಿನ ದಂಡೆಯಲ್ಲಿ ಹರಿಗೋಲು ಹಾಕುವವನು. ಮೂವತ್ತು ವರ್ಷದಿಂದ ಊರನ್ನೆಲ್ಲ ಆಚೆ ದಾಟಿಸಿ ಈಚೆ ತಂದವನು. ಎರಡು ದಿನದಿಂದ ಅವನ ಹರಿಗೋಲು ಮರಳಲ್ಲಿ ಬೋರಲು ಬಿದ್ದಿತ್ತು. ಪೇಟೆಗೆ ಹೋಗುವವರು ಗೊಣಗುತ್ತಾ ಸೇತುವೆ ಸುತ್ತಿಕೊಂಡು ಹೋಗುತ್ತಿದ್ದರು.

“ಅವತ್ತ ನನ್ನ ದಾಟಿಸಿದಾಂವ ಅವನರಿ. ‘ನಾನೂ ಬರ್ತೇನ್ರಿ ಅಯ್ನಾರ, ಸಿನಿಮಾ ನೋಡಿ ಭಾಳ ವರ್ಷಾತು’ ಅಂದ. ಕೂಡೇ ಹೋದ್ವಿ. ಎಲ್ಲಾರೂ ಎದ್ದಾಗ ಅಂವ ಕುಂತ ಇದ್ದ. ಹಿಂದಿನವರು ‘ಏಳೋ’ ಅಂದ್ರು. ‘ಊರು ಸುಡಾಕತ್ತೈತಿ, ಮಂದಿ ಒದರಾಕತ್ತಾರ, ಹೆಂಗ ಚಪ್ಪಾಳಿ ತಟ್ಲೋ ತಮ್ಮಾ’ ಅಂದ. ಅಷ್ಟ ಅಂದದ್ದು. ‘ಯಾರಿಂವ, ಯಾವೂರಾಂವ’ ಅಂತ ಗದ್ದಲ ಎದ್ದಿತ್ರಿ.”

“ಹೂಂ.”

“ನಾ ಹೇಳಿದ್ನಿರಿ. ಹೆಸರೂ ಹೇಳಿದ್ನಿ, ಊರೂ ಹೇಳಿದ್ನಿ.”

ಅಜ್ಜಾರು ಕೋಲು ಪಕ್ಕಕ್ಕಿಟ್ಟು ಎದುರಿಗೆ ಕೂತರು. ನಾಲ್ಕು ಮಾತು ಬೈದಿದ್ದರೆ ಮಡಿವಾಳಯ್ಯನಿಗೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ.

“ಅವಗ ಹೊಡದ್ರು. ಕೈ ತಿರುವಿದ್ರು. ನಾ ಬಿಡಸಲಿಲ್ಲ. ನನ್ನ ಕಡೆ ಯಾರರೆ ನೋಡ್ಯಾರಂತ ಇನ್ನಷ್ಟು ಜೋರ ಚಪ್ಪಾಳಿ ತಟ್ಟಿದ್ನಿರಿ.”

“ತಿರುಗಿ ಹೆಂಗ ಬಂದಿ?”

“ಆಗ್ಲೂ ದಾಟಿಸಿದಾಂವ ಅವನರಿ. ಒಂದ ಕೈಲೆ ಹುಟ್ಟು ಹಾಕಿ.”

“ಏನಂದ?”

“ಏನೂ ಅನ್ನಲಿಲ್ಲ. ನಾನೂ ಏನೂ ಅನ್ನಲಿಲ್ರಿ. ನೀರು ನೋಡ್ಕೋತ ಕುಂತಿದ್ನಿ.”

ಅಯ್ಯೋ ಪುಣ್ಯಾತ್ಮಾ, ಅಂತ ನಮಗೇ ಅನಿಸುತ್ತದೆ. ಅಜ್ಜಾರಿಗೆ ಏನನಿಸಿತೋ, ಕಣ್ಣು ಮುಚ್ಚಿಕೊಂಡರು.

“ಇವತ್ತ ಸಂಜೀಕ ಅವಗ ಹೊಡದವರೆಲ್ಲಾ ನಮ್ಮೂರ ಪಂಚಾಯ್ತಿ ಕಟ್ಟಿಗೆ ಬರ್ತಾರಂತರಿ. ನಿನ್ನೆ ಹೇಳಿ ಕಳಿಸ್ಯಾರ. ದುರ್ಗಪ್ಪ ದೇಶಾನ ಬೈದ ಅಂತ ನಾ ಸಾಕ್ಷಿ ಹೇಳಬೇಕಂತ. ಹೇಳಿದ್ರ ಅವನ ಹರಿಗೋಲ ಬಂದ್ ಮಾಡಸ್ತಾರ. ಬೈದಿಲ್ಲ ಅಂದ್ರ ನನ್ನ ಹಿಡೀತಾರ, ನೀ ಯಾರ ಕಡೆ ಅಂತ ಕೇಳ್ತಾರ. ನನಗ ಕೈಕಾಲು ಆಡವಲ್ಲವು ಅಜ್ಜಾರ.”

ಅವನು ಸೆರಗಿನಂತೆ ಕಾವಿ ಶಾಲನ್ನು ಬಾಯಿಗೆ ಒತ್ತಿಕೊಂಡ. ಆಮೇಲೆ ಒಮ್ಮೆಲೇ ಕೇಳಿದ.

“ಯಾವ್ದು ಖರೇ ಭಕ್ತಿ ಹೇಳ್ರಿ. ಥೇಟರಿನ್ಯಾಗ ಅವ್ವಗ ಜೈ ಅಂದ್ವಿ. ಇಲ್ಲಿ ದಿನಾ ಮುಂಜಾನೆ ಅದ ಅವ್ವಗ ತಪ್ಪಾತು ಅಂತೀವಿ. ದೇಶ ಬಲಶಾಲಿ ಆಗಬೇಕು ಅನ್ನೂದು ತಪ್ಪೇನ್ರಿ?”

“ತಪ್ಪ್ಯಾಕ? ಆಗಲಿ.”

“ಹಂಗಾದ್ರ ದುರ್ಗಪ್ಪ ಯಾಕ ಏಳಲಿಲ್ರಿ?”

“ಅಂವ ಹೇಳ್ಯಾನಲ್ಲ. ನೀ ಹೇಳು. ಎರಡನೇ ಸಲ ಜೋರ ಚಪ್ಪಾಳಿ ತಟ್ಟಿದ್ಯಲ್ಲ, ಅದ್ಯಾಕ?”

“ಅಂಜಿಕೀಗ್ರಿ.”

“ಯಾರ ಅಂಜಿಕಿ? ವೈರೀದೇನು?”

“ಅಲ್ರಿ. ನಮ್ಮವರದ.”

“ಅಷ್ಟು ವಿಮಾನ ಇದ್ದ ದೇಶದಾಗ ನಿನಗ ಇಷ್ಟು ಅಂಜಿಕಿ ಉಳೀತಲ್ಲೋ.”

ಅಜ್ಜಾರು ಕೋಲು ತೆಗೆದುಕೊಂಡು ಎದ್ದರು.

“ನಡಿ.”

“ಎಲ್ಲಿಗ್ರಿ?”

ಅವರು ಆಗಲೇ ಮೆಟ್ಟಿಲು ಇಳಿಯುತ್ತಿದ್ದರು.

ದುರ್ಗಪ್ಪನ ಗುಡಿಸಲು ದಂಡೆಯ ಮೇಲೇ ಇತ್ತು, ಹತ್ತು ನಿಮಿಷದ ದಾರಿ. ಅಷ್ಟರೊಳಗೆ ಮಡಿವಾಳಯ್ಯ ನಾಲ್ಕು ಸಲ ಹಿಂದೆ ತಿರುಗಿ ನೋಡಿದ.

“ಅಜ್ಜಾರ, ಯಾರರೆ ನೋಡಿದ್ರ?”

“ನೋಡ್ಲಿ ಬಿಡು. ನಾವೇನು ಕದಿಯಾಕ ಹೊಂಟಿಲ್ಲ.”

ದುರ್ಗಪ್ಪ ಬಾಗಿಲಲ್ಲಿ ಕೂತಿದ್ದ. ಒಂದು ಕಣ್ಣು ಮುಚ್ಚಿಕೊಂಡಿತ್ತು. ಬಲಗೈಗೆ ಅರಿಶಿಣ, ಸುಣ್ಣದ ಪಟ್ಟು. ಮೊಣಕೈ ತನಕ ಬಾವು ಬಂದಿತ್ತು. ಹುಟ್ಟು ಹಿಡಿಯುವ ಕೈ ಅದು.

“ಬರ್ರಿ ಅಜ್ಜಾರ. ನಿಮಗಾದ್ರ ಏಳ್ತೇನಿ ನೋಡ್ರಿ, ಯಾರೂ ಹೇಳೂದ ಬ್ಯಾಡ,” ಅಂತ ನಕ್ಕು ಏಳಲು ಹೋದ.

ಅಜ್ಜಾರು ಹೆಗಲು ಹಿಡಿದು ಕೂರಿಸಿದರು. ತಾವೂ ಅವನ ಪಕ್ಕ ಮಣ್ಣಲ್ಲಿ ಕೂತರು.

ಮಡಿವಾಳಯ್ಯ ದೂರವೇ ನಿಂತಿದ್ದ. ದುರ್ಗಪ್ಪ ಅವನನ್ನು ನೋಡಿದ. ನಗು ಹೋಯಿತು.

“ನೀವು ಮಠಕ್ಕ ಬಂದ ಮೊದಲನೇ ದಿನ ನೀರು ನೋಡಿ ಅಂಜಿದ್ರಿ ಅಯ್ನಾರ. ಕೈ ಹಿಡದು ಹರಿಗೋಲ ಹತ್ತಿಸಿದ್ನಿ. ನೆನಪೈತೇನ್ರಿ?”

“ಐತಿ.”

“ಸಂಜೀಕ ಕಟ್ಟಿ ಮ್ಯಾಲ ಏನ್ ಹೇಳ್ತೀರಿ?”

ಮಡಿವಾಳಯ್ಯನ ಕಣ್ಣು ತುಂಬಿ ಬಂದವು. ನಾಚಿಕೆಯೂ ಇತ್ತು, ಸಂಜೆಯ ಭಯವೂ ಇತ್ತು. ರೂಢಿ ಸುಮ್ಮನೆ ಬಿಡುತ್ತದೆಯೇ? ಗಬಕ್ಕನೆ ಬಗ್ಗಿ ಎರಡೂ ಕೈಯಿಂದ ನೆಲ ಮುಟ್ಟಿದ.

“ತಪ್ಪಾತವ್ವಾ,” ಅಂದ. “ತಪ್ಪಾತು.”

ದುರ್ಗಪ್ಪ ಮುಖ ಹೊಳೆಯ ಕಡೆ ತಿರುಗಿಸಿದ.

ಅಜ್ಜಾರು ಶಿಷ್ಯನನ್ನು ಹತ್ತಿರ ಎಳೆದುಕೊಂಡರು. ಅವನ ಕೈಗಳನ್ನು ನೆಲದಿಂದ ಬಿಡಿಸಿ, ಮಣ್ಣು ಕೊಡವಿ, ಆ ಬಾತ ಕೈಯ ಪಕ್ಕಕ್ಕೆ ತಂದು ಇಟ್ಟರು.

“ಇಲ್ಲಿ ಹೇಳೋ ಮಡಿವಾಳ. ನೆಲಕ್ಕ ಯಾರೂ ಹೊಡದಿಲ್ಲ.”